ಅರಳು-ಮರಳು ಎನ್ನುವ ಮುನ್ನ ಮೆದುಳಿನ ಚಿತ್ರವನ್ನು ನೋಡೋಣ



“ಅರವತ್ತಕ್ಕೆ ಅರಳು-ಮರಳು” ಎಂಬ ಗಾದೆಯನ್ನು ಕೇಳದವರಿಲ್ಲ. ಹಿರಿಯರ ಲೆಕ್ಕ ತಪ್ಪಿದರೆ, ಮಾತು ತಡವಾದರೆ, ನಡಿಗೆ ನಿಧಾನವಾದರೆ ಮನೆಯವರು ಈ ಗಾದೆಯನ್ನು ಹೇಳಿ ಸುಮ್ಮನಾಗುತ್ತಾರೆ. ವೈದ್ಯನಾದ ನಾನೂ ಒಮ್ಮೆ ಹಾಗೆಯೇ ಸುಮ್ಮನಾಗಿದ್ದೆ.

ಹಲವು ವರ್ಷಗಳ ಹಿಂದೆ, 66 ವಯಸ್ಸಿನ ಕಾಳುಕಡಿ ವ್ಯಾಪಾರಿಯೊಬ್ಬರನ್ನು ಅವರ ಮಗ ನನ್ನ ಚಿಕಿತ್ಸಾಲಯಕ್ಕೆ ಕರೆತಂದರು. ಬಾಯಲ್ಲೇ ಲೆಕ್ಕ ಮಾಡುತ್ತಿದ್ದವರಿಗೆ ಒಂದು ಚೀಟಿ ಬರೆಯಲು ಅರ್ಧ ಗಂಟೆ ಹಿಡಿಯುತ್ತಿತ್ತು. ಹೆಜ್ಜೆ ಚಿಕ್ಕದಾಗಿತ್ತು, ಸಣ್ಣ ಮಾತಿಗೂ ಕಣ್ಣೀರು ಬರುತ್ತಿತ್ತು. ನಾನು ನಾಡಿ ನೋಡಿ, ವಯೋಸಹಜವಾದ ವಾತವೃದ್ಧಿಯೆಂದು ತಿಳಿದು, ಬ್ರಾಹ್ಮೀಘೃತ ಕೊಟ್ಟು ಕಳುಹಿಸಿದೆ. ರಕ್ತದೊತ್ತಡದ ಮಾತ್ರೆಯನ್ನು ಅವರು ಎರಡು ವರ್ಷಗಳಿಂದ ನಿಲ್ಲಿಸಿದ್ದರು. ಅದನ್ನು ನಾನು ಕೇಳಲೇ ಇಲ್ಲ. ಆರು ತಿಂಗಳ ತರುವಾಯ ಅವರಿಗೆ ಪಾರ್ಶ್ವವಾಯು ಬಡಿಯಿತು. ಆಸ್ಪತ್ರೆಯಲ್ಲಿ ತೆಗೆದ ಎಂ.ಆರ್.ಐ. ಚಿತ್ರವನ್ನು ಮಗ ತಂದು ತೋರಿಸಿದರು. ಅದರಲ್ಲಿ ಹೊಸ ಗಾಯದ ಜೊತೆಗೆ ಹಳೆಯ ಕುಳಿಗಳೂ ಬಿಳಿಯ ಮಚ್ಚೆಗಳೂ ಇದ್ದವು. ಅವು ಆ ವಾರದವಲ್ಲ, ಅನೇಕ ವರ್ಷಗಳವು. ನಾವು ಅರಳು-ಮರಳು ಎಂದುಕೊಂಡದ್ದು ಮೆದುಳಿನ ರಕ್ತನಾಳಗಳ ರೋಗವಾಗಿತ್ತು.

ರೋಗದ ಸ್ವರೂಪ

ಮೆದುಳಿನ ತೂಕ ದೇಹದ ತೂಕದ ಸುಮಾರು ಶೇ. 2 ಮಾತ್ರ, ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು ಶೇ. 20 ಅದಕ್ಕೇ ಬೇಕು. ಮೆದುಳಿನ ಒಳಭಾಗಕ್ಕೆ ರಕ್ತ ಒಯ್ಯುವ ನಾಳಗಳು ಕೂದಲೆಳೆಯಷ್ಟು ಸಣ್ಣವು. ಅಧಿಕ ರಕ್ತದೊತ್ತಡ, ಮಧುಮೇಹ ಹಾಗೂ ಧೂಮಪಾನಗಳಿಂದ ಇವುಗಳ ಗೋಡೆ ದಪ್ಪವಾಗಿ ಬಿರುಸಾಗುತ್ತದೆ. ಕಾಲುವೆಯಲ್ಲಿ ಹೂಳು ತುಂಬಿದಾಗ ಮೊದಲು ಒಣಗುವುದು ಕೊನೆಯ ಹೊಲವಲ್ಲವೇ? ಹಾಗೆಯೇ ಈ ನಾಳಗಳ ಕೊನೆಯಲ್ಲಿರುವ ನರತಂತುಗಳು ಸೊರಗುತ್ತವೆ. ಹೀಗೆ ರಕ್ತಸಂಚಾರದ ದೋಷದಿಂದ ಆಲೋಚನೆ, ಗಮನ, ಸ್ಮರಣೆಗಳು ಕುಂದುವುದನ್ನು ವ್ಯಾಸ್ಕ್ಯುಲರ್ ಕಾಗ್ನಿಟಿವ್ ಇಂಪೇರ್‌ಮೆಂಟ್ ಎನ್ನುತ್ತಾರೆ. ನಾವು ಇದನ್ನು ರಕ್ತನಾಳಜನ್ಯ ಅರಿವಿನ ಕುಂದು ಎನ್ನಬಹುದು.

ಇದರಲ್ಲಿ ಮರೆವಿಗಿಂತ ಮೊದಲು ಆಲೋಚನೆಯ ನಿಧಾನ, ಕೆಲಸವನ್ನು ಕ್ರಮವಾಗಿ ಯೋಜಿಸಲಾಗದಿರುವುದು, ನಿರಾಸಕ್ತಿ, ನಡಿಗೆಯ ಬದಲಾವಣೆ, ಮೂತ್ರದ ಅವಸರ ಕಾಣಿಸಬಹುದು. ಮರೆತದ್ದು ಸುಳಿವು ಕೊಟ್ಟರೆ ಅನೇಕ ವೇಳೆ ನೆನಪಾಗುತ್ತದೆ. ಆಲ್ಝೈಮರ್ ಕಾಯಿಲೆಯಲ್ಲಿ ಸುಳಿವು ಕೊಟ್ಟರೂ ಹೊಸ ಸಂಗತಿಗಳು ನೆನಪಿಗೆ ಬರುವುದು ಕಷ್ಟ. ವೃದ್ಧಾಪ್ಯದಲ್ಲಿ ಈ ಎರಡೂ ಒಟ್ಟಿಗೆ ಇರುವುದು ಅಪರೂಪವಲ್ಲ.

ಚಿತ್ರದಲ್ಲಿ ಕಾಣುವುದೇನು?

ಜರ್ಮನ್ ಭಾಷೆಯಲ್ಲಿ ಬರೆಯುತ್ತಿದ್ದ ವೈದ್ಯ ಒಟ್ಟೊ ಬಿನ್ಸ್‌ವಾಂಗರ್ 1894ರಲ್ಲಿಯೇ ಇಂಥ ರೋಗವನ್ನು ವರ್ಣಿಸಿದ್ದರು. ಆದರೆ ಆಗ ಮೆದುಳಿನ ಒಳಭಾಗವನ್ನು ಮರಣಾನಂತರವಷ್ಟೇ ನೋಡಲು ಸಾಧ್ಯವಿತ್ತು. ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಸಿ.ಟಿ. ಯಂತ್ರದಲ್ಲಿ 1971ರಲ್ಲಿ ಲಂಡನ್ನಿನ ಆಸ್ಪತ್ರೆಯೊಂದರಲ್ಲಿ ಮೊದಲ ರೋಗಿಯ ಮೆದುಳಿನ ಚಿತ್ರ ತೆಗೆಯಲಾಯಿತು. ಮುಂದೆ ಬಂದ ಎಂ.ಆರ್.ಐ. ಸಣ್ಣ ಗಾಯಗಳನ್ನೂ ಸ್ಪಷ್ಟವಾಗಿ ತೋರಿಸಿತು. ಸಿ.ಟಿ.ಯಲ್ಲಿ ಕ್ಷಕಿರಣ ಬಳಸುತ್ತಾರೆ, ಎಂ.ಆರ್.ಐ.ಯಲ್ಲಿ ಪ್ರಬಲ ಅಯಸ್ಕಾಂತ ಮತ್ತು ರೇಡಿಯೋ ತರಂಗಗಳನ್ನು ಬಳಸುತ್ತಾರೆ. ಆದ್ದರಿಂದ ಪೇಸ್‌ಮೇಕರ್ ಅಥವಾ ದೇಹದೊಳಗೆ ಲೋಹವಿರುವವರು ಮೊದಲೇ ತಿಳಿಸಬೇಕು.

ಎಂ.ಆರ್.ಐ. ಚಿತ್ರದಲ್ಲಿ ವೈದ್ಯರು ಮುಖ್ಯವಾಗಿ ಮೂರು ಗುರುತುಗಳನ್ನು ಹುಡುಕುತ್ತಾರೆ. ಮೊದಲನೆಯದು, 3ರಿಂದ 15 ಮಿಲಿಮೀಟರ್ ಅಳತೆಯ ಹಳೆಯ ಕುಳಿಗಳು. ಇವನ್ನು ಲಾಕ್ಯೂನ್ ಎನ್ನುತ್ತಾರೆ. ಇವುಗಳಲ್ಲಿ ಹಲವು ರೋಗಿಯ ಅರಿವಿಗೇ ಬಾರದಂತೆ ಉಂಟಾಗಿರುತ್ತವೆ. ಎರಡನೆಯದು, ಶ್ವೇತದ್ರವ್ಯದಲ್ಲಿ ಹೊಳೆಯುವ ಬಿಳಿಯ ಮಚ್ಚೆಗಳು. ಇವನ್ನು 1987ರಿಂದ ಬಳಕೆಯಲ್ಲಿರುವ ಫಾಜೆಕಾಸ್ ಕ್ರಮದಂತೆ 0ಯಿಂದ 3ರವರೆಗೆ ಅಳೆಯುತ್ತಾರೆ. 3 ಎಂದರೆ ಮಚ್ಚೆಗಳು ಕೂಡಿಕೊಂಡು ವಿಸ್ತಾರವಾಗಿ ಹರಡಿವೆ ಎಂದರ್ಥ. ಮೂರನೆಯದು, ಸೂಕ್ಷ್ಮ ರಕ್ತಸ್ರಾವದ ಕಪ್ಪು ಚುಕ್ಕೆಗಳು. ರಕ್ತ ತೆಳುಮಾಡುವ ಔಷಧವನ್ನು ನಿರ್ಧರಿಸುವಾಗ ವೈದ್ಯರು ಇವನ್ನೂ ಗಮನಿಸುತ್ತಾರೆ.

ಚಿತ್ರವೊಂದೇ ಸಾಲದು

ಚರಕ ಸಂಹಿತೆಯ ವಿಮಾನಸ್ಥಾನವು ರೋಗವನ್ನು ತಿಳಿಯಲು ಆಪ್ತೋಪದೇಶ, ಪ್ರತ್ಯಕ್ಷ, ಅನುಮಾನ ಎಂಬ ಮೂರು ಮಾರ್ಗಗಳನ್ನು ಹೇಳುತ್ತದೆ. ಎಂ.ಆರ್.ಐ. ನಮ್ಮ ಪ್ರತ್ಯಕ್ಷದ ವ್ಯಾಪ್ತಿಯನ್ನು ಹಿಗ್ಗಿಸಿದೆ. ಉಳಿದೆರಡರ ಸ್ಥಾನವನ್ನು ಅದು ತುಂಬಲಾರದು. ಅರವತ್ತು ದಾಟಿದ ಆರೋಗ್ಯವಂತರಲ್ಲಿಯೂ ಕೆಲವು ಬಿಳಿಯ ಮಚ್ಚೆಗಳು ಸಾಮಾನ್ಯ. ವರದಿಯಲ್ಲಿ “ಸ್ಮಾಲ್ ವೆಸೆಲ್ ಡಿಸೀಸ್” ಎಂದು ಬರೆದಿದ್ದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ತೊಂದರೆ ಯಾವಾಗ ಆರಂಭವಾಯಿತು, ದಿನನಿತ್ಯದ ಕೆಲಸದಲ್ಲಿ ಏನು ಬದಲಾಯಿತು ಎಂಬ ಮನೆಯವರ ಮಾತು, ಸ್ಮರಣೆಯ ಪರೀಕ್ಷೆ, ಬಿ-12 ಮತ್ತು ಥೈರಾಯ್ಡ್ ತಪಾಸಣೆ ಇವೆಲ್ಲವೂ ಚಿತ್ರಕ್ಕೆ ಹೊಂದಿಬರಬೇಕು. ಲಕ್ಷಣಗಳಿಲ್ಲದವರು ಕುತೂಹಲಕ್ಕಾಗಿ ಸ್ಕ್ಯಾನ್ ಮಾಡಿಸುವುದು ಅನವಶ್ಯಕ. ಲಕ್ಷಣಗಳಿದ್ದವರಿಗೆ ಮಾತ್ರ ಅದರಿಂದ ಇನ್ನೊಂದು ಉಪಕಾರವಿದೆ: ಬಿದ್ದ ಪೆಟ್ಟಿನಿಂದ ತಲೆಬುರುಡೆಯೊಳಗೆ ನಿಂತ ರಕ್ತದಂತಹ, ಚಿಕಿತ್ಸೆಯಿಂದ ಗುಣವಾಗಬಲ್ಲ ಕಾರಣಗಳೂ ಬಯಲಾಗುತ್ತವೆ.

ಚಿತ್ರಗಳು ಕಲಿಸಿದ ಪಾಠ

ಅಮೆರಿಕದ ಸ್ಪ್ರಿಂಟ್ ಅಧ್ಯಯನದಲ್ಲಿ 50 ವರ್ಷ ಮೀರಿದ, ಅಧಿಕ ರಕ್ತದೊತ್ತಡವುಳ್ಳ 9,361 ಜನರಿದ್ದರು. ಒಂದು ಗುಂಪಿನಲ್ಲಿ ಮೇಲಿನ ಒತ್ತಡವನ್ನು 120ಕ್ಕಿಂತ ಕೆಳಗೆ, ಇನ್ನೊಂದರಲ್ಲಿ 140ಕ್ಕಿಂತ ಕೆಳಗೆ ಇರಿಸುವ ಗುರಿಯಿತ್ತು. 449 ಜನರಿಗೆ ಸುಮಾರು ನಾಲ್ಕು ವರ್ಷಗಳ ಅಂತರದಲ್ಲಿ ಎರಡು ಬಾರಿ ಎಂ.ಆರ್.ಐ. ಮಾಡಲಾಯಿತು. 2019ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಬಿಳಿಯ ಮಚ್ಚೆಗಳ ಗಾತ್ರ ಮೊದಲ ಗುಂಪಿನಲ್ಲಿ ಸರಾಸರಿ 0.92 ಘನ ಸೆಂಟಿಮೀಟರ್, ಎರಡನೆಯದರಲ್ಲಿ 1.45 ಘನ ಸೆಂಟಿಮೀಟರ್ ಹೆಚ್ಚಿತು. ಮೊದಲ ಗುಂಪಿನಲ್ಲಿ ಅರಿವಿನ ಆರಂಭಿಕ ಕುಂದು ಸಹ ಕಡಿಮೆಯಾಗಿತ್ತು. ಪೂರ್ಣ ಪ್ರಮಾಣದ ಡಿಮೆನ್ಷಿಯಾದ ವಿಷಯದಲ್ಲಿ ಮಾತ್ರ ವ್ಯತ್ಯಾಸ ಖಚಿತವಾಗಲಿಲ್ಲ. ಆದ ಗಾಯ ಮಾಯವಾಗದಿದ್ದರೂ ಅದರ ಹರಡುವಿಕೆಯನ್ನು ನಿಧಾನಗೊಳಿಸಬಹುದು ಎಂಬುದೇ ಇದರ ಸಾರ. 120ರ ಗುರಿ ಎಲ್ಲರಿಗೂ ಸಲ್ಲದು. ನಿಂತಾಗ ತಲೆ ಸುತ್ತುವ ವೃದ್ಧರಿಗೆ ಎಷ್ಟು ಸೂಕ್ತವೆಂದು ವೈದ್ಯರೇ ನಿರ್ಧರಿಸಬೇಕು.

ನಮ್ಮ ನಾಡಿನಲ್ಲಿಯೂ ಇಂಥ ಕಾರ್ಯ ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನ ಹಳ್ಳಿಗಳಲ್ಲಿ 45 ವರ್ಷ ಮೀರಿದ 10,000 ಜನರನ್ನು ದೀರ್ಘಕಾಲ ಗಮನಿಸುವ ಗುರಿಯಿಂದ ಅಧ್ಯಯನ ಕೈಗೊಂಡಿದೆ. ಮೆದುಳಿನ ಚಿತ್ರಣವೂ ಅದರ ಭಾಗ. ನಮ್ಮ ರೈತರ, ಗೃಹಿಣಿಯರ ಮೆದುಳು ಹೇಗೆ ಮಾಗುತ್ತದೆಂಬುದನ್ನು ನಮ್ಮವರಿಂದಲೇ ತಿಳಿಯುವ ಪ್ರಯತ್ನವಿದು.

ನಾವು ಮಾಡಬೇಕಾದದ್ದು

ರಕ್ತದೊತ್ತಡ ಮತ್ತು ಸಕ್ಕರೆಯನ್ನು ನಿಯಮಿತವಾಗಿ ಪರೀಕ್ಷಿಸಿಕೊಳ್ಳಿರಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆಗಳಲ್ಲಿ ಮಿತಿಯಿರಲಿ. ಬೀಡಿ, ಸಿಗರೇಟು, ತಂಬಾಕುಗಳನ್ನು ತ್ಯಜಿಸಿರಿ. ನಿತ್ಯವೂ ನಡೆಯಿರಿ. ಬಾಯಿ ಸೊಟ್ಟಗಾಗುವುದು, ಒಂದು ಕೈ ಸೋಲುವುದು, ಮಾತು ತೊದಲುವುದು ಹಠಾತ್ತನೆ ಕಂಡರೆ ತಕ್ಷಣ ಆಸ್ಪತ್ರೆಗೆ ಧಾವಿಸಿರಿ. ಹೆಪ್ಪು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಗಳೊಳಗೆ ಕೊಡಬೇಕಾಗುತ್ತದೆ.

ಆಯುರ್ವೇದ ವೈದ್ಯನಾಗಿ ಒಂದು ಮಾತನ್ನು ಒತ್ತಿ ಹೇಳುತ್ತೇನೆ. ಬ್ರಾಹ್ಮಿಯನ್ನು ನಂಬಿ ರಕ್ತದೊತ್ತಡದ ಮಾತ್ರೆಯನ್ನು ಬಿಡಬೇಡಿರಿ. ಅಂದಿನಿಂದ ನನ್ನಲ್ಲಿಗೆ ಬರುವ ಪ್ರತಿಯೊಬ್ಬ ಹಿರಿಯರ ನಾಡಿ ಹಿಡಿಯುವ ಮೊದಲು, “ಬಿ.ಪಿ. ಮಾತ್ರೆ ತೆಗೆದುಕೊಳ್ಳುತ್ತಿದ್ದೀರಾ?” ಎಂದು ಕೇಳುತ್ತೇನೆ. ಆ ವ್ಯಾಪಾರಿಗೆ ಕೇಳದೆ ಉಳಿದ ಪ್ರಶ್ನೆ ಅದು. ನಿಮ್ಮ ಮನೆಯ ಹಿರಿಯರನ್ನು ಇಂದೇ ಕೇಳಿರಿ.