ಬಚ್ಚಲ ನೀರು ಕೈತೋಟಕ್ಕೆ ಹರಿಯುವಲ್ಲಿ ತೊಳೆಯುವ ವಸ್ತುಗಳ ಆಯ್ಕೆ



ನಮ್ಮ ಹಳ್ಳಿಗಳ ಎಷ್ಟೋ ಮನೆಗಳಲ್ಲಿ ಪಾತ್ರೆ ತೊಳೆದ ನೀರು, ಬಟ್ಟೆ ಒಗೆದ ನೀರು ಹಿತ್ತಲಿನ ಬಾಳೆ, ತೆಂಗು, ಕೆಸುವಿನ ಬುಡಕ್ಕೆ ಹರಿಯುತ್ತದೆ. ನೀರಿನ ಅಭಾವವಿರುವಲ್ಲಿ ಇದು ಒಳ್ಳೆಯ ರೂಢಿಯೇ ಸರಿ. ಆದರೆ ನೀರಿನೊಡನೆ, ತೊಳೆಯಲು ಬಳಸಿದ ವಸ್ತುವೂ ಮಣ್ಣು ಸೇರುತ್ತದೆ ಎಂಬುದನ್ನು ಮರೆಯಬಾರದು.

ಬಟ್ಟೆ ಒಗೆಯುವ ಪುಡಿಗಳಲ್ಲಿ ಸೋಡಿಯಂ ಲವಣಗಳು ಹೆಚ್ಚಾಗಿರುತ್ತವೆ. ವರ್ಷಗಟ್ಟಲೆ ಇಂಥ ನೀರು ಒಂದೇ ಜಾಗಕ್ಕೆ ಹರಿದರೆ ಸೋಡಿಯಂ ಜೇಡಿಕಣಗಳಿಗೆ ಅಂಟಿಕೊಂಡು ಮಣ್ಣಿನ ಕಣರಚನೆಯನ್ನು ಕೆಡಿಸುತ್ತದೆ. ಅಂಥ ಮಣ್ಣು ಹಸಿಯಿದ್ದಾಗ ಅಂಟಾಗಿ, ಒಣಗಿದಾಗ ಗಟ್ಟಿಯಾಗಿ, ನೀರು ಇಂಗದಂತಾಗುತ್ತದೆ. ಎರೆಮಣ್ಣಿನಲ್ಲಿ ಜೇಡಿ ಹೆಚ್ಚಿರುವುದರಿಂದ ಈ ತೊಂದರೆಯೂ ಹೆಚ್ಚು. ಮನೆಯಲ್ಲಿಯೇ ದೊರೆಯುವ ಕೆಲವು ವಸ್ತುಗಳನ್ನು ಅರಿತು ಬಳಸಿದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಯಾವ ಕೊಳೆಗೆ ಯಾವ ವಸ್ತು?

ಜಿಡ್ಡಿಗೆ ಕ್ಷಾರ, ಕಿಲುಬಿಗೂ ಸುಣ್ಣದ ಹಕ್ಕಳೆಗೂ ಹುಳಿ. ಇದು ಮೂಲ ನಿಯಮ.

1. ಕಟ್ಟಿಗೆ ಬೂದಿ: ಬೂದಿಯಲ್ಲಿರುವ ಪೊಟ್ಯಾಷ್ ಕ್ಷಾರವು ಜಿಡ್ಡಿನೊಡನೆ ಸೇರಿ ಸಾಬೂನಿನಂತಾಗಿ ಅದನ್ನು ಬಿಡಿಸುತ್ತದೆ. ಜರಡಿ ಹಿಡಿದ ನಯವಾದ ಬೂದಿಯನ್ನು ತೆಂಗಿನ ನಾರಿನಲ್ಲಿ ಅದ್ದಿ ಕಬ್ಬಿಣ, ಹಿತ್ತಾಳೆ, ಸ್ಟೀಲ್ ಪಾತ್ರೆಗಳನ್ನು ಉಜ್ಜಬಹುದು. ತೊಳೆದ ನೀರಿನಲ್ಲಿ ಉಳಿಯುವ ಪೊಟ್ಯಾಷ್ ಬಾಳೆಗೆ ಬೇಕಾದ ಪೋಷಕಾಂಶ. ಅಲ್ಯೂಮಿನಿಯಂ ಪಾತ್ರೆಗೆ ಬೂದಿಯಾಗಲಿ ಸೋಡಾ ಆಗಲಿ ಬೇಡ. ಕ್ಷಾರವು ಆ ಲೋಹವನ್ನು ತಿನ್ನುತ್ತದೆ. ಕಲಾಯಿ ಹಾಕಿದ ಪಾತ್ರೆಯ ಒಳಭಾಗವನ್ನೂ ಬೂದಿಯಿಂದ ಉಜ್ಜಬಾರದು, ಕಲಾಯಿ ಸವೆಯುತ್ತದೆ. ಪ್ಲಾಸ್ಟಿಕ್ ಅಥವಾ ಬಣ್ಣ ಬಳಿದ ಮರ ಸುಟ್ಟ ಬೂದಿಯನ್ನು ಬಳಸಲೇಬಾರದು.

2. ಅಂಟುವಾಳ ಮತ್ತು ಸೀಗೆಕಾಯಿ: ಇವುಗಳಲ್ಲಿರುವ ಸಪೋನಿನ್ ನೊರೆ ಕೊಟ್ಟು ಕೊಳೆ ತೆಗೆಯುತ್ತದೆ. 8-10 ಅಂಟುವಾಳ ಕಾಯಿಗಳ ಬೀಜ ತೆಗೆದು, ಸಿಪ್ಪೆಯನ್ನು 1 ಲೀಟರ್ ಬಿಸಿನೀರಿನಲ್ಲಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಚೆನ್ನಾಗಿ ಕಿವುಚಿ ಸೋಸಿಕೊಳ್ಳಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಒಡೆದು ಗಸಿಯಾಗುತ್ತದೆ. ಅಂಟುವಾಳ ಅಲ್ಲಿಯೂ ನೊರೆ ಕೊಡುತ್ತದೆ. ಕ್ಷಾರ ತಾಳದ ರೇಷ್ಮೆ, ಉಣ್ಣೆ ಬಟ್ಟೆಗಳಿಗೆ ಇದು ಉತ್ತಮ. ಈ ರಸ ಬೇಗ ಹುಳಿಯುವುದರಿಂದ ಅಂದಂದಿಗೆ ಬೇಕಾದಷ್ಟೇ ತಯಾರಿಸಿರಿ. ಸಪೋನಿನ್ ಮೀನುಗಳಿಗೆ ವಿಷ. ಆದ್ದರಿಂದ ಈ ನೀರು ಕೆರೆಗಾಗಲಿ, ಮೀನು ಬಿಟ್ಟ ಕೃಷಿ ಹೊಂಡಕ್ಕಾಗಲಿ ಹರಿಯಬಾರದು.

3. ಹುಣಸೆ ಮತ್ತು ನಿಂಬೆ: ಸಾರಿಗೆ ಹಿಂಡಿ ಉಳಿದ ಹುಣಸೆಹಣ್ಣಿನ ಸಿಪ್ಪೆಗೆ ಚಿಟಿಕೆ ಉಪ್ಪು ಸೇರಿಸಿ ಉಜ್ಜಿದರೆ ತಾಮ್ರ, ಹಿತ್ತಾಳೆಯ ಕಿಲುಬು ಹೋಗುತ್ತದೆ. ನೀರು ಕಾಯಿಸುವ ಪಾತ್ರೆಯೊಳಗೆ ಕಟ್ಟಿದ ಸುಣ್ಣದ ಹಕ್ಕಳೆಗೆ ನಿಂಬೆರಸ ಬೆರೆಸಿದ ಬಿಸಿನೀರು ಹಾಕಿ, ಕೆಲಕಾಲ ಬಿಟ್ಟು ಉಜ್ಜಿ ತೊಳೆಯಿರಿ. ಸಿಮೆಂಟ್, ಕಡಪ, ಶಹಾಬಾದ್ ಕಲ್ಲಿನ ನೆಲಕ್ಕೆ ಹುಳಿ ತಾಗಿಸಬಾರದು. ಇವುಗಳಲ್ಲಿಯೂ ಸುಣ್ಣವಿರುವುದರಿಂದ ನೆಲವೇ ಕರಗಿ ಒರಟಾಗುತ್ತದೆ.

4. ಬಟ್ಟೆ ಸೋಡಾ: ಸ್ಟೀಲ್ ಹಾಲಿನ ಕ್ಯಾನುಗಳ ಜಿಡ್ಡು ತೆಗೆಯಲು 1 ಲೀಟರ್ ಬಿಸಿನೀರಿಗೆ 1 ಚಮಚ ಸಾಕು. ಸೋಡಾ ಜಿಡ್ಡನ್ನು ತೆಗೆಯುತ್ತದೆಯೇ ಹೊರತು ರೋಗಾಣುಗಳೆಲ್ಲ ಸಾಯುವುದಿಲ್ಲ. ಆದ್ದರಿಂದ ಒಳ್ಳೆಯ ನೀರಿನಲ್ಲಿ ಜಾಲಾಡಿ, ಕುದಿಯುವ ನೀರು ಹಾಕಿ, ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಿರಿ. ಇದೂ ಸೋಡಿಯಂ ಲವಣವೇ ಆದ್ದರಿಂದ ಈ ನೀರನ್ನು ಕೈತೋಟಕ್ಕೆ ಬಿಡದೆ ಬೇರೆ ಕಡೆಗೆ ಹರಿಸಿರಿ.

ಗಮನಿಸತಕ್ಕ ಅಂಶಗಳು

* ಸೋಡಾ ಮತ್ತು ಹುಳಿಯನ್ನು ಒಟ್ಟಿಗೆ ಬೆರೆಸಬಾರದು. ನೊರೆ ಉಕ್ಕಿದರೂ ಎರಡರ ಶಕ್ತಿಯೂ ಕುಂದುತ್ತದೆ.

* ಬ್ಲೀಚಿಂಗ್ ಪುಡಿಗೆ ಹುಣಸೆ, ನಿಂಬೆ ಅಥವಾ ಯಾವುದೇ ಆಮ್ಲ ತಗುಲಿದರೆ ಕ್ಲೋರಿನ್ ಅನಿಲ ಏಳುತ್ತದೆ. ಮುಚ್ಚಿದ ಬಚ್ಚಲಿನಲ್ಲಿ ಇದರಿಂದ ಪ್ರಾಣಾಪಾಯವಿದೆ.

* ಕೀಟನಾಶಕದ ಡಬ್ಬಿ, ಬಾಟಲಿಗಳನ್ನು ಬೂದಿ, ಸೋಡಾ, ಹುಣಸೆ ಯಾವುದರಿಂದ ಎಷ್ಟು ಸಲ ತೊಳೆದರೂ ಅವು ಮನೆ ಬಳಕೆಗೆ ಯೋಗ್ಯವಾಗುವುದಿಲ್ಲ. ನೀರು, ಎಣ್ಣೆ, ಕಾಳು ಯಾವುದನ್ನೂ ಅವುಗಳಲ್ಲಿ ತುಂಬಿಡಬೇಡಿ. ಸಿಂಪರಣೆಗೆ ಔಷಧಿ ಬೆರೆಸುವಾಗಲೇ ಡಬ್ಬಿಯನ್ನು ಮೂರು ಸಲ ಜಾಲಾಡಿ, ಆ ನೀರನ್ನು ಸಿಂಪರಣಾ ದ್ರಾವಣಕ್ಕೇ ಸೇರಿಸಿ. ಯಾರೂ ಮತ್ತೆ ಬಳಸದಂತೆ ಡಬ್ಬಿಗೆ ತೂತು ಮಾಡಿರಿ.

* ಈಗಾಗಲೇ ಕರಲಾಗಿರುವ ಮಣ್ಣಿಗೆ ಬೂದಿ ನೀರನ್ನೂ ಹರಿಸಬಾರದು.

ನಿಮ್ಮ ಹಿತ್ತಲನ್ನು ಪರೀಕ್ಷಿಸಿರಿ

ಬಚ್ಚಲ ನೀರು ಹರಿಯುವ ಜಾಗದಲ್ಲಿ ಒಂದು ಕೊಡ ನೀರು ಹಾಕಿ. ಅಷ್ಟೇ ನೀರನ್ನು ಹಿತ್ತಲಿನ ಬೇರೊಂದು ಕಡೆಯೂ ಹಾಕಿ ನೋಡಿರಿ. ಮೊದಲಿನ ಜಾಗದಲ್ಲಿ ನೀರು ಬಹಳ ಹೊತ್ತು ನಿಂತರೆ ಮಣ್ಣು ಕೆಡುತ್ತಿರಬಹುದು. ಕಾಲುವೆಯ ದಾರಿ ಬದಲಿಸಿ, ಚೆನ್ನಾಗಿ ಕೊಳೆತ ಕೊಟ್ಟಿಗೆ ಗೊಬ್ಬರ ಸೇರಿಸಿರಿ. ಮಣ್ಣು ಪರೀಕ್ಷೆ ಮಾಡಿಸಿ, ಅಗತ್ಯ ಕಂಡುಬಂದರೆ ಮಾತ್ರ ಜಿಪ್ಸಂ ಹಾಕಿರಿ. ಕೆಟ್ಟ ಮಣ್ಣನ್ನು ಸರಿಪಡಿಸುವುದಕ್ಕಿಂತ ಕೆಡದಂತೆ ನೋಡಿಕೊಳ್ಳುವುದು ಸುಲಭ, ಖರ್ಚೂ ಕಡಿಮೆ.