ಅಡವಿಟ್ಟ ಪಾಸ್‌ಪೋರ್ಟ್, ಬಾಡಿಗೆಯ ಸ್ಕೂಟರ್

ಥಾಯ್ಲೆಂಡಿನ ಚಿಯಾಂಗ್ ಮಾಯ್ ಹಳೇ ಪಟ್ಟಣದ ಸುತ್ತ ಚೌಕಾಕಾರದ ಕಂದಕವಿದೆ. ಅದರ ಆಸುಪಾಸಿನ ಬೀದಿಗಳಲ್ಲಿ ಎತ್ತ ತಿರುಗಿದರೂ ಸ್ಕೂಟರ್ ಬಾಡಿಗೆ ಅಂಗಡಿ. ದಿನಕ್ಕೆ ಇನ್ನೂರು, ಮುನ್ನೂರು ಬಾತ್ ಕೊಟ್ಟರೆ ಗಾಡಿ ಸಿಗುತ್ತದೆ. ಲೈಸೆನ್ಸ್ ತೋರಿಸಿ ಎನ್ನುವವರು ಕಡಿಮೆ, ಪಾಸ್‌ಪೋರ್ಟ್ ಬಿಟ್ಟು ಹೋಗಿ ಎನ್ನುವವರು ಬಹಳ. ಎಣಿಸಿಟ್ಟ ದುಡ್ಡಿನಲ್ಲಿ ಒಂಟಿಯಾಗಿ ಬಂದವರಿಗೆ ಸಾವಿರಾರು ಬಾತ್ ಠೇವಣಿ ಇಡುವುದಕ್ಕಿಂತ ಪಾಸ್‌ಪೋರ್ಟ್ ಕೊಟ್ಟು ಕೀಲಿ ಇಸಿದುಕೊಳ್ಳುವುದೇ ಸಲೀಸು. ಅಗ್ಗದ ಪ್ರವಾಸದ ಕಾನೂನು ತೊಡಕುಗಳು ಬಹುಪಾಲು ಹೀಗೆಯೇ ಹುಟ್ಟುತ್ತವೆ: ಎಲ್ಲಿ ನಾಲ್ಕು ಕಾಸು ಉಳಿಯುತ್ತದೋ ಅಲ್ಲೇ ಕಾಗದ ಕೈಬಿಡುತ್ತದೆ.

ಪಾಸ್‌ಪೋರ್ಟಿನಲ್ಲಿರುವ ಹೆಸರು, ಫೋಟೊ ಪ್ರವಾಸಿಯದ್ದು. ಒಡೆತನ ಮಾತ್ರ ಅವರದಲ್ಲ. 1967ರ ಪಾಸ್‌ಪೋರ್ಟ್ ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ಅದು ಸದಾಕಾಲ ಕೇಂದ್ರ ಸರ್ಕಾರದ ಸ್ವತ್ತು. ಸರ್ಕಾರದ ಸ್ವತ್ತನ್ನು ಅಡವಿಡುವ ಅಧಿಕಾರ ಯಾರಿಗೂ ಇಲ್ಲ. ಕಾಯ್ದೆಯ ಮಾತು ಹಾಗಿರಲಿ, ವ್ಯವಹಾರದ ಲೆಕ್ಕದಲ್ಲೂ ಇದು ನಷ್ಟದ ಬಾಬತ್ತೇ. ಗಾಡಿ ವಾಪಸು ಕೊಡುವಾಗ ಮಡ್‌ಗಾರ್ಡಿನ ಮೇಲೊಂದು ಗೀರು ಕಾಣುತ್ತದೆ. ಅದು ಮೊದಲೇ ಇತ್ತೋ ಇಲ್ಲವೋ, ಅಂಗಡಿಯವರು ಹೇಳಿದ್ದೇ ದರ. ಮರುದಿನ ವಿಮಾನವಿದ್ದು ಪಾಸ್‌ಪೋರ್ಟ್ ಅವರ ಡ್ರಾಯರಿನಲ್ಲಿದ್ದರೆ ಚೌಕಾಸಿಗೆ ಎಡೆಯೇ ಇರುವುದಿಲ್ಲ.

ಇದಕ್ಕೆ ಮುಂಜಾಗ್ರತೆ ಕಷ್ಟದ್ದಲ್ಲ. ಪಾಸ್‌ಪೋರ್ಟಿನ ಜೆರಾಕ್ಸ್ ಮತ್ತು ನಗದು ಠೇವಣಿ ಒಪ್ಪುವ ಅಂಗಡಿ ಹುಡುಕಬೇಕು, ಠೇವಣಿಗೆ ರಸೀದಿ ಪಡೆಯಬೇಕು, ಗಾಡಿಯ ಸುತ್ತ ಒಂದು ವಿಡಿಯೊ ಮಾಡಿಕೊಳ್ಳಬೇಕು. ಜಗಳವೇ ಆದರೆ 1155ಕ್ಕೆ ಕರೆ ಮಾಡಬಹುದು. ಅದು ಥಾಯ್ ಪ್ರವಾಸಿ ಪೊಲೀಸರ ಸಹಾಯವಾಣಿ, ಹಗಲೂ ರಾತ್ರಿ ಇಂಗ್ಲಿಷಿನಲ್ಲಿ ಮಾತಾಡುತ್ತಾರೆ. ಸಾಮಾನ್ಯ ಪೊಲೀಸರ ಸಂಖ್ಯೆ 191, ಆಂಬುಲೆನ್ಸಿಗೆ 1669.

ಇನ್ನು ಲೈಸೆನ್ಸ್. ಚಿಯಾಂಗ್ ಮಾಯ್‌ನಿಂದ ಪಾಯ್ ಊರಿಗೆ ಹೋಗುವ 1095ನೇ ಹೆದ್ದಾರಿಯಲ್ಲಿ 762 ತಿರುವುಗಳಿವೆಯೆಂದು ಅಲ್ಲಿ ಮಾರುವ ಟಿ-ಶರ್ಟುಗಳೇ ಸಾರುತ್ತವೆ. ಆಗುಂಬೆಯ ಹದಿನಾಲ್ಕು ತಿರುವು ಇಳಿದು ಪಳಗಿದವರೂ ಅಲ್ಲಿ ಮಂಡಿ ತರಚಿಕೊಳ್ಳುತ್ತಾರೆ. ಬ್ಯಾಂಡೇಜು ಸುತ್ತಿಕೊಂಡು ಕುಂಟುತ್ತ ನಡೆಯುವ ವಿದೇಶಿಯರು ಪಾಯ್ ಬೀದಿಯಲ್ಲಿ ಅಪರೂಪವೇನಲ್ಲ. ಭಾರತದ ಲೈಸೆನ್ಸ್ ಒಂದನ್ನೇ ನೆಚ್ಚಿ ಅಲ್ಲಿ ಗಾಡಿ ಓಡಿಸಿದರೆ ಪೊಲೀಸರು ದಂಡ ಹಾಕುತ್ತಾರೆ. ಜೊತೆಗೆ ಇಂಟರ್‌ನ್ಯಾಷನಲ್ ಡ್ರೈವಿಂಗ್ ಪರ್ಮಿಟ್ ಬೇಕು. ಅದನ್ನು ಊರು ಬಿಡುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ಫಾರಂ 4ಎ ತುಂಬಿ, ಸಾವಿರ ರೂಪಾಯಿ ಶುಲ್ಕ ಕಟ್ಟಿ ಪಡೆಯಬೇಕು. ಒಂದು ವರ್ಷ ಚಾಲ್ತಿಯಲ್ಲಿರುತ್ತದೆ. ಬಹಳ ಮಂದಿ ಎಡವುವುದು ಇದಾದ ಮೇಲೆ. ಮೂಲ ಲೈಸೆನ್ಸಿನಲ್ಲಿ ಕಾರು ಮಾತ್ರ ಇದ್ದರೆ ಪರ್ಮಿಟ್ಟಿನಲ್ಲೂ ಕಾರಿನ ಕಾಲಂಗಷ್ಟೇ ಮುದ್ರೆ ಬೀಳುತ್ತದೆ, ಸ್ಕೂಟರಿಗೆ ಅದು ನಡೆಯುವುದಿಲ್ಲ.

ದಂಡ ಕಟ್ಟಿ ಮುಗಿಯುವಂತಿದ್ದರೆ ಇಷ್ಟು ಹೇಳಬೇಕಿರಲಿಲ್ಲ. ಕಾಲು ಮುರಿದು ಆಸ್ಪತ್ರೆ ಸೇರಿದಾಗ ಪ್ರವಾಸ ವಿಮಾ ಕಂಪನಿ ಮೊದಲು ಕೇಳುವ ಕಾಗದಗಳಲ್ಲಿ ಆ ವರ್ಗದ ಗಾಡಿಯ ಲೈಸೆನ್ಸೂ ಒಂದು. ಇಲ್ಲವೆಂದರೆ ಕ್ಲೇಮು ತಿರಸ್ಕಾರ. ಹಾಗೆಂದು ಗಾಯಾಳು ಪೂರ್ತಿ ಬರಿಗೈಯೇನಲ್ಲ. ಥಾಯ್ಲೆಂಡಿನಲ್ಲಿ 1992ರ ಕಾಯ್ದೆಯಡಿ ಪ್ರತಿ ವಾಹನಕ್ಕೂ ಕಡ್ಡಾಯ ವಿಮೆ ಇರಬೇಕು, ಜನರ ಬಾಯಲ್ಲಿ ಅದು ‘ಪೋ ರೋ ಬೋ’. ತಪ್ಪು ಯಾರದೆಂದು ತೀರ್ಮಾನವಾಗುವ ಮೊದಲೇ ಚಿಕಿತ್ಸೆಗೆ 30,000 ಬಾತ್‌ವರೆಗೆ ಪ್ರಾಥಮಿಕ ಪರಿಹಾರ ಅದರಿಂದ ಸಿಗುತ್ತದೆ. ವಿದೇಶಿಯೆಂಬ ಕಾರಣಕ್ಕೆ ಅದು ತಪ್ಪುವುದಿಲ್ಲ. ಬಾಡಿಗೆಗೆ ಪಡೆಯುವಾಗಲೇ ಆ ವಿಮೆಯ ಕಾಗದ ಸೀಟಿನಡಿ ಇದೆಯೇ ಎಂದು ನೋಡಿ, ಒಂದು ಫೋಟೊ ತೆಗೆದಿಟ್ಟುಕೊಂಡರೆ ಆಸ್ಪತ್ರೆಯ ಕೌಂಟರಿನಲ್ಲಿ ಪರದಾಟ ತಪ್ಪುತ್ತದೆ.

ದೇಶದ ಒಳಗೆ ಕಾಲಿಡುವ ವಿಚಾರಕ್ಕೆ ಬಂದರೆ, ವಿದೇಶ ಪ್ರಯಾಣ ಸಂವಿಧಾನದ 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗವೆಂದು ಸುಪ್ರೀಂ ಕೋರ್ಟ್ 1978ರ ಮೇನಕಾ ಗಾಂಧಿ ಪ್ರಕರಣದಲ್ಲಿ ಹೇಳಿದೆ. ಅದು ಭಾರತದಿಂದ ಹೊರಡುವ ಹಕ್ಕು. ಬ್ಯಾಂಕಾಕಿನ ಸುವರ್ಣಭೂಮಿ ನಿಲ್ದಾಣದ ಇಮಿಗ್ರೇಶನ್ ಅಧಿಕಾರಿಯ ಮುಂದೆ ಅದು ನಡೆಯದು. ವಾಪಸು ಟಿಕೆಟ್ಟು, ತಂಗುವ ವಿಳಾಸ, ಕೈಖರ್ಚಿನ ಹಣ ಇವನ್ನು ತೋರಿಸಿ ಎನ್ನುವ ಅಧಿಕಾರ ಅವರಿಗಿದೆ. ಉತ್ತರ ಸಮಾಧಾನ ತರದಿದ್ದರೆ ತಿರುಗಿ ಕಳಿಸುವ ಅಧಿಕಾರವೂ ಇದೆ. 2025ರ ಮೇ 1ರಿಂದ ಡಿಜಿಟಲ್ ಆಗಮನ ಕಾರ್ಡ್ ಕಡ್ಡಾಯವಾಗಿದ್ದು, ಇಳಿಯುವುದಕ್ಕೆ ಮುಂಚಿನ ಮೂರು ದಿನಗಳೊಳಗೆ ತುಂಬಬೇಕು. ಥಾಯ್ ಸರ್ಕಾರ ಅದಕ್ಕೆ ಬಿಡಿಗಾಸೂ ಪಡೆಯುವುದಿಲ್ಲ. ಶುಲ್ಕ ಕೇಳುವ ಜಾಲತಾಣ ಯಾವುದಾದರೂ ಸರಿ, ಅದು ಸರ್ಕಾರದ್ದಲ್ಲ.

ವೀಸಾ ಇಲ್ಲದೆ ಇರಬಹುದಾದ ಅವಧಿಯನ್ನು ಭಾರತೀಯರಿಗೆ 2024ರ ಜುಲೈ 15ರಿಂದ 60 ದಿನಕ್ಕೆ ಏರಿಸಲಾಯಿತು. ಇಂಥ ಸವಲತ್ತು ಆಯಾ ಸರ್ಕಾರದ ಆದೇಶದ ಮೇಲೆ ನಿಂತಿರುವಂಥದ್ದು, ಬದಲಾಗುತ್ತ ಇರುತ್ತದೆ. ಆದ್ದರಿಂದ ಗೆಳೆಯರು ಹೇಳಿದ ದಿನದ ಲೆಕ್ಕ ಬಿಟ್ಟು, ಪಾಸ್‌ಪೋರ್ಟಿಗೆ ಒತ್ತಿದ ಮುದ್ರೆಯಲ್ಲಿರುವ ತಾರೀಖನ್ನೇ ನಂಬಬೇಕು. ಅದು ಮೀರಿದರೆ ದಿನಕ್ಕೆ 500 ಬಾತ್ ದಂಡ, ಗರಿಷ್ಠ 20,000. ತಾನಾಗಿ ಹೊರಟವರು 90 ದಿನಕ್ಕಿಂತ ಹೆಚ್ಚು ಮೀರಿದ್ದರೆ ಒಂದು ವರ್ಷ ಮರುಪ್ರವೇಶವಿಲ್ಲ. ಹೊರಡುವ ಮೊದಲೇ ಪೊಲೀಸರ ಕೈಗೆ ಸಿಕ್ಕಿಬಿದ್ದರೆ ಕೆಲವೇ ದಿನ ಮೀರಿದ್ದರೂ ಐದು ವರ್ಷದ ನಿಷೇಧ.

ಹಣ ಉಳಿಸಲು ಹಾಸ್ಟೆಲಿನಲ್ಲಿ ಹಾಸಿಗೆ ಮಡಚಿ, ಕೌಂಟರ್ ನೋಡಿಕೊಂಡು, ಬದಲಿಗೆ ಪುಕ್ಕಟೆ ಮಂಚ ಪಡೆಯುವ ರೂಢಿ ಬೆನ್ನುಚೀಲದ ಪ್ರವಾಸಿಗರಲ್ಲಿದೆ. ಸಂಬಳವಿಲ್ಲದಿದ್ದರೂ ಅದನ್ನು ಕೆಲಸವೆಂದೇ ಎಣಿಸುವ ಅಪಾಯ ಉಂಟು. ಪರವಾನಗಿ ಇಲ್ಲದ ಕೆಲಸಕ್ಕೆ ಥಾಯ್ ಕಾನೂನಿನಲ್ಲಿ 5,000ದಿಂದ 50,000 ಬಾತ್ ದಂಡ ಮತ್ತು ಗಡಿಪಾರು. ಇ-ಸಿಗರೇಟು ದೇಶದೊಳಕ್ಕೆ ತರುವುದು ಅಲ್ಲಿ 2014ರಿಂದಲೇ ನಿಷಿದ್ಧ. ನಮ್ಮಲ್ಲೂ 2019ರಿಂದ ಅದರ ಆಮದು, ಮಾರಾಟ ಅಪರಾಧ, ಹಾಗಾಗಿ ಗೊತ್ತಿರಲಿಲ್ಲ ಎಂಬ ನೆಪವನ್ನು ಭಾರತೀಯರು ಹೇಳುವುದು ಕಷ್ಟ. ರಾಜಮನೆತನದ ಬಗ್ಗೆ ತಮಾಷೆಯ ಪೋಸ್ಟ್ ಹಾಕುವ ಚಪಲವಂತೂ ಬೇಡವೇ ಬೇಡ. ಥಾಯ್ ದಂಡ ಸಂಹಿತೆಯ 112ನೇ ಸೆಕ್ಷನ್ನಿನಲ್ಲಿ ಅದಕ್ಕೆ ಮೂರರಿಂದ ಹದಿನೈದು ವರ್ಷ ಜೈಲು.

ಪೊಲೀಸರು ಹಿಡಿದು ಕೂರಿಸಿದಾಗ ಏನು? ಒಂಟಿ ಪ್ರವಾಸಿಗೆ ಹೊರಗೆ ಓಡಾಡುವವರು ಯಾರೂ ಇರುವುದಿಲ್ಲ, ಆದ್ದರಿಂದ ಇಲ್ಲಿ ಹಕ್ಕುಗಳು ಬಾಯಿಪಾಠವಾಗಿರಬೇಕು. ಥಾಯ್ ಅಪರಾಧ ಪ್ರಕ್ರಿಯಾ ಸಂಹಿತೆಯ ಪ್ರಕಾರ ಬಂಧಿತರು ಬಂಧುಗಳಿಗೋ ನಂಬಿಕಸ್ತರಿಗೋ ಸುದ್ದಿ ಮುಟ್ಟಿಸಬಹುದು, ವಕೀಲರೊಂದಿಗೆ ಖಾಸಗಿಯಾಗಿ ಮಾತಾಡಬಹುದು. ಥಾಯ್ ಭಾಷೆ ಬಾರದಿದ್ದರೆ ತಡಮಾಡದೆ ದುಭಾಷಿಯನ್ನು ಒದಗಿಸಬೇಕು. ಹೆಂಗಸರ ಮೈ ತಪಾಸಣೆಯನ್ನು ಹೆಂಗಸರೇ ಮಾಡಬೇಕು. ನಮ್ಮಲ್ಲಿ 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟ್ ಮುಂದೆ ಹಾಜರುಪಡಿಸಬೇಕಾದರೆ, ಅಲ್ಲಿ ಠಾಣೆ ತಲುಪಿದ ಹೊತ್ತಿನಿಂದ 48 ಗಂಟೆ. ಆಮೇಲೂ ಇಟ್ಟುಕೊಳ್ಳಬೇಕೆಂದರೆ ನ್ಯಾಯಾಲಯದ ಅಪ್ಪಣೆ ಬೇಕು. ಅರ್ಥವಾಗದ ಲಿಪಿಯ ಹೇಳಿಕೆಗೆ ದುಭಾಷಿ ಬರುವ ಮೊದಲು ಸಹಿ ಹಾಕದಿರುವುದೇ ಲೇಸು.

ಇವೆಲ್ಲಕ್ಕಿಂತ ಮೊದಲು ಕೇಳಬೇಕಾದ್ದು ಒಂದಿದೆ: ‘ಭಾರತದ ರಾಯಭಾರ ಕಚೇರಿಗೆ ತಿಳಿಸಿ.’ ಇದು ಬೇಡಿಕೆಯಲ್ಲ, ಹಕ್ಕು. 1963ರ ವಿಯೆನ್ನಾ ಕಾನ್ಸುಲರ್ ಒಪ್ಪಂದದ 36ನೇ ವಿಧಿಯ ಪ್ರಕಾರ ಬಂಧಿತ ವಿದೇಶಿಯು ಕೋರಿದರೆ ಅವರ ದೇಶದ ಕಚೇರಿಗೆ ವಿಳಂಬವಿಲ್ಲದೆ ಸುದ್ದಿ ಕೊಡಬೇಕು, ಈ ಹಕ್ಕಿದೆ ಎಂಬುದನ್ನೂ ಬಂಧಿತರಿಗೆ ತಿಳಿಸಬೇಕು. ಕುಲಭೂಷಣ್ ಜಾಧವ್ ಪ್ರಕರಣದಲ್ಲಿ ಪಾಕಿಸ್ತಾನ ಇದೇ ವಿಧಿಯನ್ನು ಮುರಿದಿದೆಯೆಂದು ಭಾರತ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ವಾದಿಸಿ 2019ರ ಜುಲೈ 17ರಂದು ಗೆದ್ದಿತು. ಥಾಯ್ಲೆಂಡ್ ಕೂಡ ಆ ಒಪ್ಪಂದಕ್ಕೆ ಸೇರಿದ ದೇಶ.

ರಾಯಭಾರ ಕಚೇರಿಯಿಂದ ಏನಾಗುತ್ತದೆ, ಏನಾಗುವುದಿಲ್ಲ ಎಂಬುದೂ ಗೊತ್ತಿರಬೇಕು. ಅಧಿಕಾರಿಗಳು ಜೈಲಿಗೆ ಬಂದು ನೋಡುತ್ತಾರೆ, ವಕೀಲರ ಪಟ್ಟಿ ಕೊಡುತ್ತಾರೆ, ಮನೆಗೆ ತಿಳಿಸುತ್ತಾರೆ. ಬಿಡಿಸಿಕೊಂಡು ಹೋಗುವ ಅಧಿಕಾರ ಅವರಿಗಿಲ್ಲ. 2009ರಲ್ಲಿ ಶುರುವಾದ ಭಾರತೀಯ ಸಮುದಾಯ ಕಲ್ಯಾಣ ನಿಧಿಯಿಂದ ನಿಜಕ್ಕೂ ಕೈಲಾಗದವರಿಗೆ ತಂಗಲು, ಕಾನೂನು ನೆರವಿಗೆ, ವಾಪಸು ಟಿಕೆಟ್ಟಿಗೆ ಹಣ ಸಿಗಬಹುದು. ಊರಲ್ಲಿರುವ ಅಪ್ಪ ಅಮ್ಮ ವಿದೇಶಾಂಗ ಸಚಿವಾಲಯದ ‘ಮದದ್’ ಪೋರ್ಟಲಿನಲ್ಲಿ ದೂರು ದಾಖಲಿಸಿ ಅದರ ಜಾಡು ಹಿಡಿಯಬಹುದು.

ಪಾಸ್‌ಪೋರ್ಟ್ ಕಳೆದುಹೋದರೆ ಮೊದಲು ಠಾಣೆಗೆ ಹೋಗಿ ದೂರಿನ ಪ್ರತಿ ಪಡೆಯಬೇಕು. ಅದನ್ನು ಹಿಡಿದು ಬ್ಯಾಂಕಾಕಿನ ರಾಯಭಾರ ಕಚೇರಿಗೋ ಚಿಯಾಂಗ್ ಮಾಯ್‌ನ ಕಾನ್ಸುಲೇಟಿಗೋ ಹೋದರೆ ಹೊಸ ಪಾಸ್‌ಪೋರ್ಟ್ ಅಥವಾ ತುರ್ತು ಪ್ರಮಾಣಪತ್ರ ಸಿಗುತ್ತದೆ. ತುರ್ತು ಪ್ರಮಾಣಪತ್ರ ಭಾರತಕ್ಕೆ ಮರಳುವ ಒಂದು ಪಯಣಕ್ಕಷ್ಟೇ. ಬಳಿಕ ಥಾಯ್ ಇಮಿಗ್ರೇಶನ್ ಕಚೇರಿಯಲ್ಲಿ ಪ್ರವೇಶದ ದಾಖಲೆ ಸರಿಪಡಿಸಿಕೊಳ್ಳದಿದ್ದರೆ ವಿಮಾನ ನಿಲ್ದಾಣದಲ್ಲಿ ತಡೆಯುತ್ತಾರೆ. ಆದ್ದರಿಂದ ಮುದ್ರೆ ಬಿದ್ದ ಪುಟದ ಫೋಟೊ ಮೊದಲೇ ಇ-ಮೇಲಿನಲ್ಲಿ ಇರಬೇಕು.

ಪ್ರವಾಸಕ್ಕೆಂದು ಹೋದವರನ್ನು ಕೆಲಸದ ಆಸೆ ತೋರಿಸಿ ಸೆಳೆಯುವ ಜಾಲ ಇನ್ನೊಂದು. ‘ಡೇಟಾ ಎಂಟ್ರಿ, ಒಳ್ಳೆಯ ಸಂಬಳ, ವಸತಿ ಉಚಿತ’ ಎಂಬ ಮಾತು ನಂಬಿದವರನ್ನು ಮೇ ಸೋಟ್ ಗಡಿ ದಾಟಿಸಿ ಮ್ಯಾನ್ಮಾರಿನ ಮ್ಯಾವಾಡಿಯ ಸೈಬರ್ ವಂಚನೆ ಕೇಂದ್ರಗಳಿಗೆ ತಳ್ಳುತ್ತಾರೆ. 2025ರ ಮಾರ್ಚ್ 10 ಮತ್ತು 11ರಂದು ಅಲ್ಲಿಂದ ಬಿಡುಗಡೆಯಾದ 549 ಭಾರತೀಯರನ್ನು ವಾಯುಪಡೆಯ ವಿಮಾನಗಳಲ್ಲಿ ಕರೆತರಬೇಕಾಯಿತು. 1983ರ ವಲಸೆ ಕಾಯ್ದೆಯಡಿ ನೋಂದಣಿ ಇಲ್ಲದ ಯಾರೂ ವಿದೇಶಕ್ಕೆ ನೌಕರರನ್ನು ನೇಮಿಸಿ ಕಳಿಸುವಂತಿಲ್ಲ, ಏಜೆಂಟರ ನೋಂದಣಿಯನ್ನು ಇ-ಮೈಗ್ರೇಟ್ ಪೋರ್ಟಲಿನಲ್ಲಿ ನೋಡಬಹುದು. ಕೆಲಸಕ್ಕೆ ಹೋಗುವವರಿಗೆ ವಲಸೆ ತಪಾಸಣೆ ಬೇಕಾದ 18 ದೇಶಗಳಲ್ಲಿ ಥಾಯ್ಲೆಂಡೂ ಇದೆ. ಆದರೆ ಎಸ್ಸೆಸ್ಸೆಲ್ಸಿ ದಾಟಿದವರ ಪಾಸ್‌ಪೋರ್ಟಿಗೆ ಈ ತಪಾಸಣೆಯಿಂದ ವಿನಾಯಿತಿ. ಹೀಗಾಗಿ ಪದವೀಧರರನ್ನು ದಾರಿಯಲ್ಲಿ ಯಾರೂ ತಡೆದು ಕೇಳುವುದಿಲ್ಲ, ಜಾಲದವರಿಗೂ ಬೇಕಾದ್ದು ಕಂಪ್ಯೂಟರ್ ಬಲ್ಲ ಅವರೇ.

ವಾಪಸು ಬರುವಾಗ ಕೆಂಪೇಗೌಡ ವಿಮಾನ ನಿಲ್ದಾಣದ ಕಸ್ಟಮ್ಸ್ ಕಣ್ಣು ಬ್ಯಾಂಕಾಕ್ ವಿಮಾನಗಳ ಮೇಲೆ ಇರುತ್ತದೆ. 2023ರ ಸೆಪ್ಟೆಂಬರಿನಲ್ಲಿ ಹಾಗೆ ಬಂದ ಲಗೇಜಿನಲ್ಲಿ ಹೆಬ್ಬಾವು, ಕಾಳಿಂಗ ಸೇರಿ 72 ಹಾವುಗಳು, ಸತ್ತ ಆರು ಮಂಗಗಳು ಸಿಕ್ಕಿದ್ದವು. ಹೈಡ್ರೋ ಗಾಂಜಾ ಸಿಕ್ಕುವುದಂತೂ ಪದೇಪದೇ ಸುದ್ದಿ. ಥಾಯ್ಲೆಂಡ್ 2022ರ ಜೂನ್‌ನಲ್ಲಿ ಗಾಂಜಾವನ್ನು ಮಾದಕವಸ್ತು ಪಟ್ಟಿಯಿಂದ ತೆಗೆಯಿತು, 2025ರ ಜೂನ್‌ನಲ್ಲಿ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲವೆಂದು ಬಿಗಿ ಮಾಡಿತು. ನಮ್ಮ ಮಾದಕವಸ್ತು ತಡೆಯ ಎನ್‌ಡಿಪಿಎಸ್ ಕಾಯ್ದೆಗೆ ಇದಾವುದೂ ಲೆಕ್ಕವಿಲ್ಲ. ಒಂದು ಕೆ.ಜಿ. ಮೀರಿದರೆ ಹತ್ತು ವರ್ಷದವರೆಗೆ ಜೈಲು, ಇಪ್ಪತ್ತು ಕೆ.ಜಿ. ಮೀರಿದರೆ ಹತ್ತೇ ಕನಿಷ್ಠ.

‘ಟಿಕೆಟ್ ನಮ್ಮದು, ಒಂದು ಬ್ಯಾಗ್ ಮನೆಗೆ ತಲುಪಿಸಿ’ ಎಂಬ ಆಮಿಷ ದುಡ್ಡು ಖಾಲಿಯಾದ ಪ್ರವಾಸಿಗೇ ಬರುತ್ತದೆ. ಒಳಗೇನಿತ್ತೋ ಗೊತ್ತಿಲ್ಲ ಎಂದರೆ ಸಾಲದು. ಎನ್‌ಡಿಪಿಎಸ್ ಕಾಯ್ದೆಯ 35ನೇ ಸೆಕ್ಷನ್ ಪ್ರಕಾರ ಆರೋಪಿಗೆ ಗೊತ್ತಿತ್ತೆಂದೇ ನ್ಯಾಯಾಲಯ ಭಾವಿಸುತ್ತದೆ. ಗೊತ್ತಿರಲಿಲ್ಲ ಎಂಬುದನ್ನು ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡುವ ಹೊಣೆ ಆರೋಪಿಯದೇ. ಮೈ ತಪಾಸಣೆಗೆ ಮೊದಲು ಗೆಜೆಟೆಡ್ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ನಡೆಯಲಿ ಎಂದು ಕೋರುವ ಹಕ್ಕನ್ನು 50ನೇ ಸೆಕ್ಷನ್ ಕೊಟ್ಟಿದೆ. ಅದು ಮೈಗೆ ಮಾತ್ರ, ಬ್ಯಾಗಿಗೆ ಅನ್ವಯಿಸದು.

ಮನೆ ಸೇರಿದ ಮೇಲೆ ಉಳಿಯುವುದು ಹಣದ ತಕರಾರು. ಬುಕಿಂಗ್ ಆ್ಯಪ್ ರೀಫಂಡ್ ಕೊಡದಿದ್ದರೆ 2019ರ ಗ್ರಾಹಕ ರಕ್ಷಣಾ ಕಾಯ್ದೆಯಡಿ ತಾನು ವಾಸಿಸುವ ಜಿಲ್ಲೆಯ ಆಯೋಗದಲ್ಲೇ ಎರಡು ವರ್ಷದೊಳಗೆ ದೂರು ಕೊಡಬಹುದು. ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕವಿಲ್ಲ, ಅದಕ್ಕೂ ಮುಂಚೆ 1915 ಸಹಾಯವಾಣಿಯಿದೆ. ಸೂಟ್‌ಕೇಸ್ ಒಡೆದು ಬಂದಿದ್ದರೆ ವಿಮಾನ ಕಂಪನಿಗೆ ಏಳು ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಲಿಖಿತ ದೂರು ಹೋಗಬೇಕು. ಕ್ಲೇಮು ನಿರಾಕರಿಸಿದ ವಿಮಾ ಕಂಪನಿ ಅದರ ವಿರುದ್ಧ ಕೊಟ್ಟ ದೂರನ್ನೂ ತಳ್ಳಿಹಾಕಿದರೆ ಅಥವಾ ಅದಕ್ಕೆ ತಿಂಗಳಾದರೂ ಉತ್ತರಿಸದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಕಚೇರಿಗೆ ಒಂದು ವರ್ಷದೊಳಗೆ ಅರ್ಜಿ ಸಲ್ಲಿಸಬೇಕು. ಅಲ್ಲಿ ಶುಲ್ಕ ಕಟ್ಟಬೇಕಿಲ್ಲ, ವಕೀಲರೂ ಬೇಕಿಲ್ಲ.