ಮಠದ ಬಾಗಿಲು ಬೇರೆ, ಕೋರ್ಟಿನ ಬಾಗಿಲು ಬೇರೆ

ಪುಟ್ಟೀ,

ಅಮ್ಮನಿಗೆ ಹೇಳಿಯಾಯಿತು, ಅವಳು ಅತ್ತದ್ದೂ ಆಯಿತು, ಇನ್ನು ಉಡುಪಿಗೆ ಹೋಗಿ ಸ್ವಾಮಿಗಳನ್ನೇ ಕೇಳುತ್ತೇನೆ, ಅವರು ಸರಿ ಎಂದರೆ ಮನೆಯವರ ಬಾಯಿ ಮುಚ್ಚುತ್ತದೆ ಎಂದು ಫೋನಿನಲ್ಲಿ ಹೇಳಿದೆಯಲ್ಲ, ಅದಕ್ಕೆ ಈ ಕಾಗದ. ಉಡುಪಿಗೆ ಧಾರಾಳ ಹೋಗು. ಕನಕನ ಕಿಂಡಿಯಲ್ಲಿ ದೇವರನ್ನು ನೋಡು, ಊಟ ಮಾಡಿಕೊಂಡು ಬಾ. ಆದರೆ ನೀನೂ ನಿನ್ನ ಗೆಳತಿಯೂ ಒಂದೇ ಮನೆಯಲ್ಲಿ ಬಾಳುವುದಕ್ಕೆ ಅಪ್ಪಣೆ ಕೇಳುವ ಜಾಗ ಅದಲ್ಲ. ನಿನಗೆ ಅಪ್ಪಣೆಯೇ ಬೇಡ ಮಾರಾಯ್ತಿ.

ಚೆನ್ನೈಯ ಈ ಸೌಕಾರ್‌ಪೇಟೆಯಿಂದ ಎನ್‌ಎಸ್‌ಸಿ ಬೋಸ್ ರಸ್ತೆ ಹಿಡಿದು ಹೈಕೋರ್ಟಿಗೆ ನಡೆದುಕೊಂಡೇ ಹೋಗಿ, ವಕೀಲರ ಗುಮಾಸ್ತನಾಗಿ ಕಟ್ಟು ಹೊತ್ತು ಕೂದಲು ಬೆಳ್ಳಗಾದವನು ನಾನು. ಧರ್ಮ ಮತ್ತು ಸರಕಾರ ಎದುರುಬದುರಾದ ಕೇಸಿನಲ್ಲಿ ವಕೀಲರು ಮೊದಲು ತೆಗೆಸುತ್ತಿದ್ದ ತೀರ್ಪು ಯಾವುದು ಗೊತ್ತುಂಟೋ? ನಮ್ಮ ಉಡುಪಿಯ ಶಿರೂರು ಮಠದ್ದು. ದಕ್ಷಿಣ ಕನ್ನಡ ಆಗ ಮದ್ರಾಸ್ ರಾಜ್ಯದಲ್ಲಿತ್ತು. ಸರದಿಯ ಕೃಷ್ಣಪೂಜೆಯ, ಅಂದರೆ ಪರ್ಯಾಯದ, ಖರ್ಚಿನಿಂದ ಮಠಕ್ಕೆ ಸಾಲವಾಗಿತ್ತು. ಆಡಳಿತವನ್ನು ನಾವು ಸರಿಮಾಡುತ್ತೇವೆ ಎಂದು ಧರ್ಮದತ್ತಿ ಬೋರ್ಡಿನವರು ಕೈಹಾಕಿದರು. ಮಠದ ಸ್ವಾಮಿಗಳಾದ ಲಕ್ಷ್ಮೀಂದ್ರ ತೀರ್ಥರು ಇದೇ ಹೈಕೋರ್ಟಿಗೆ ಬಂದು ಗೆದ್ದರು. ಸರಕಾರದ ಕಡೆಯವರು ಸುಪ್ರೀಂ ಕೋರ್ಟಿಗೆ ಹೋದರು. 1954ರ ಮಾರ್ಚ್‌ನಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ಹೇಳಿದ್ದು ಇಷ್ಟು: ಪೂಜೆ ಹೇಗೆ, ಆಚಾರ ಯಾವುದು ಎಂಬುದು ಮಠಕ್ಕೆ ಬಿಟ್ಟದ್ದು, ಅಧಿಕಾರಿ ತನಗೆ ತೋಚಿದಾಗ ಒಳಗೆ ನುಗ್ಗುವಂತಿಲ್ಲ, ಆಸ್ತಿಪಾಸ್ತಿಯ ಆಡಳಿತ ಮಾತ್ರ ಕಾನೂನಿಗೆ ಒಳಪಟ್ಟದ್ದು.

ಆ ಗೆರೆ ಹೇಗೆಂದರೆ, ಇಲ್ಲಿಯ ಸೇಠ್‌ಗಳು ದೀಪಾವಳಿಗೆ ಹೊಸ ಲೆಕ್ಕದ ಪುಸ್ತಕವನ್ನು ಪೂಜಿಸುತ್ತಾರೆ. ಮೊದಲ ಪುಟದಲ್ಲಿ ಕುಂಕುಮದ ಸ್ವಸ್ತಿಕ, ಎರಡು ಬದಿಗೆ ‘ಶುಭ’, ‘ಲಾಭ’. ತೆರಿಗೆಯವರು ಬಂದರೆ ಆ ಪುಟ ಮಗುಚಿ ಮುಂದಿನ ಪುಟಕ್ಕೆ ಹೋಗುತ್ತಾರೆ. ಪೂಜೆ ಯಾಕೆ ಮಾಡಿದಿರಿ ಎಂದು ಕೇಳುವುದಿಲ್ಲ. ಪೂಜೆ ಮಾಡಿದ್ದೇವೆ, ತೆರಿಗೆ ಬಿಡಿ ಎಂದರೆ ಬಿಡುವುದೂ ಇಲ್ಲ.

ಸರಕಾರ ಮಠದ ಗರ್ಭಗುಡಿಗೆ ಬರಬಾರದು ಎಂದು ಸ್ವಾಮಿಗಳೇ ಕೋರ್ಟಿನಲ್ಲಿ ವಾದಿಸಿದರಲ್ಲ, ಆ ವಾದದ ಇನ್ನೊಂದು ಮಗ್ಗುಲು ನಿನ್ನದು. ಮಠವೂ ನಿನ್ನ ಮನೆಯ ಒಳಗೆ ಸರಕಾರದ ಕೈಹಿಡಿದುಕೊಂಡು ಬರುವಂತಿಲ್ಲ. ಬಂದದ್ದುಂಟು. ಸಲಿಂಗ ಸಂಬಂಧವನ್ನು ಅಪರಾಧವೆಂದ 377ನೆಯ ಕಲಂ ಬ್ರಿಟಿಷರು 1860ರಲ್ಲಿ ಬರೆದದ್ದು, ಅವರ ಪಾದ್ರಿಗಳ ಪಾಪಪುಣ್ಯದ ಲೆಕ್ಕ. ದೆಹಲಿ ಹೈಕೋರ್ಟ್ 2009ರಲ್ಲಿ ಅದರ ಹಲ್ಲು ಕಿತ್ತಿತು. ಕೂಡಲೇ ಸುಪ್ರೀಂ ಕೋರ್ಟಿಗೆ ಓಡಿದವರನ್ನು ನೋಡು: ಒಬ್ಬ ಜ್ಯೋತಿಷಿ, ಮುಸ್ಲಿಂ ಪರ್ಸನಲ್ ಲಾ ಬೋರ್ಡ್, ಚರ್ಚುಗಳ ಒಕ್ಕೂಟ. ಬೇರೆ ಯಾವ ವಿಷಯಕ್ಕೂ ಒಂದೇ ಚಾಪೆಯಲ್ಲಿ ಕೂರದವರು ಇದಕ್ಕೆ ಕೂತರು! 2013ರಲ್ಲಿ ಅವರ ಕೈ ಮೇಲಾಯಿತು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟಿನ ಐವರು ನ್ಯಾಯಮೂರ್ತಿಗಳು ಪ್ರಾಪ್ತರ ಸಮ್ಮತಿಯ ಸಂಬಂಧದ ಮಟ್ಟಿಗೆ ಆ ಕಲಮನ್ನು ತೊಡೆದುಹಾಕಿದರು. ಬಹುಜನರಿಗೆ ಮೆಚ್ಚುಗೆಯಾಗುವ ನೀತಿ ಬೇರೆ, ಸಂವಿಧಾನದ ನೀತಿ ಬೇರೆ, ಕೋರ್ಟು ನೋಡಬೇಕಾದದ್ದು ಎರಡನೆಯದನ್ನು ಎಂದರು.

ನಿನ್ನ ಪ್ರಾಯದವರು ಇನ್ನೊಂದು ವಾದ ಹಿಡಿದುಕೊಂಡಿದ್ದೀರಿ. ಅರ್ಧನಾರೀಶ್ವರ ಇಲ್ಲವೇ, ಶಿಖಂಡಿ ಇಲ್ಲವೇ, ನಮ್ಮ ಧರ್ಮದಲ್ಲಿ ಇದೆಲ್ಲ ಮೊದಲೇ ಇತ್ತು ಅಂತ. ಕೇಳುವುದಕ್ಕೆ ಚೆಂದ. ಆದರೆ ನಿನ್ನ ಹಕ್ಕನ್ನು ಪುರಾಣಕ್ಕೆ ಕಟ್ಟಿಹಾಕಬೇಡ. ಇವತ್ತು ನೀನೊಂದು ಶ್ಲೋಕ ತಂದರೆ ನಾಳೆ ಅವರು ಮನುವಿನಿಂದ ನಾಲ್ಕು ತರುತ್ತಾರೆ, ಶ್ಲೋಕದ ಪಂದ್ಯದಲ್ಲಿ ಅವರದೇ ಕೈ ಪಳಗಿದ್ದು. ಸವದತ್ತಿಯ ಯಲ್ಲಮ್ಮ, ಗಂಡಾಗಿ ಹುಟ್ಟಿ ಹೆಣ್ಣಾಗಿ ಬಾಳುವ ಜೋಗತಿಯರಿಗೆ ನೆರಳಾದಳು, ಸುಳ್ಳಲ್ಲ. ಆದರೆ ಆ ನೆರಳು ಬೇಕಿದ್ದರೆ ಮುತ್ತು ಕಟ್ಟಿಸಿಕೊಂಡು ದೇವಿಯ ಪಾಲಾಗಬೇಕು, ಮನೆ ಬಿಡಬೇಕು, ಬೇಡಿ ತಿನ್ನಬೇಕು. ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆಯಾದರು, ಆಮೇಲೆ ಪದ್ಮಶ್ರೀ ಬಂತು. ಅಷ್ಟು ದೊಡ್ಡ ಕಲಾವಿದೆಯಾಗದ ಜೋಗತಿಯೂ ಮರ್ಯಾದೆಯಿಂದ ಬಾಡಿಗೆಗೆ ಮನೆ ಹಿಡಿಯುವಂತಾಗಬೇಡವೇ?

ದೇವರಿಗಿಂತ ರಿಜಿಸ್ಟರಿನವರೇ ಮಡಿವಂತರಾಗುವುದೂ ಉಂಟು. 2018ರಲ್ಲಿ ತೂತ್ತುಕುಡಿಯ ಶಿವಾಲಯವೊಂದರಲ್ಲಿ ಒಬ್ಬ ಯುವಕ ಟ್ರಾನ್ಸ್ ಯುವತಿಗೆ ತಾಳಿ ಕಟ್ಟಿದ. ಮದುವೆ ನಡೆದದ್ದು ದೇವರ ಎದುರಿಗೇ. ನೋಂದಾಯಿಸುವುದಿಲ್ಲ ಎಂದವರು ರಿಜಿಸ್ಟ್ರಾರ್. ಮರುವರ್ಷ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟಿನ ಮದುರೆ ಪೀಠದ ನ್ಯಾಯಮೂರ್ತಿ ಜಿ.ಆರ್. ಸ್ವಾಮಿನಾಥನ್, ಆಕೆಯೂ ವಧುವೇ, ನೋಂದಾಯಿಸಿ ಎಂದರು. ಅದಕ್ಕೂ ಅರ್ಧ ಶತಮಾನ ಹಿಂದೆ, ಅಣ್ಣಾದುರೈ ಸರಕಾರ 1967ರಲ್ಲಿ ಹಿಂದೂ ವಿವಾಹ ಕಾಯ್ದೆಗೆ ತಂದ ತಿದ್ದುಪಡಿಯಿಂದ, ಪುರೋಹಿತರಿಲ್ಲದೆ ಹಾರ ಬದಲಾಯಿಸಿಕೊಂಡರೂ ಈ ರಾಜ್ಯದಲ್ಲಿ ಹಿಂದೂ ಮದುವೆ ಮದುವೆಯೇ. ಮಂತ್ರ ಬೇಕಾದವರಿಗೆ ಮಂತ್ರ ಉಂಟು. ಯಾರ ಜನಿವಾರವೂ ಹರಿಯಲಿಲ್ಲ.

ಆದರೆ ನಿಮ್ಮಿಬ್ಬರ ಮದುವೆಗೆ ಇವತ್ತಿಗೆ ಕಾನೂನಿಲ್ಲ, ಅದನ್ನು ಮುಚ್ಚಿಡುವುದಿಲ್ಲ. 2023ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದು ಶಾಸನಸಭೆಯ ಕೆಲಸ ಎಂದು ಕೈಬಿಟ್ಟಿತು. ಕೈಯಲ್ಲಿರುವುದು ಏನು ಎಂದು ತಿಳಿದುಕೋ. ಮನೆಬಿಟ್ಟು ಚೆನ್ನೈಗೆ ಬಂದ ಮದುರೆಯ ಇಬ್ಬರು ಹುಡುಗಿಯರ ಕೇಸಿನಲ್ಲಿ ನ್ಯಾಯಮೂರ್ತಿ ಆನಂದ್ ವೆಂಕಟೇಶ್, ತನಗೆ ಈ ವಿಷಯ ಅರ್ಥವಾಗಬೇಕೆಂದು ತಾನೇ ಮನಶ್ಶಾಸ್ತ್ರಜ್ಞರ ಬಳಿ ಹೋಗಿ ಕೂತರು. ಕೋರ್ಟಿನ ವರಾಂಡದಲ್ಲಿ ಇಂಥದ್ದನ್ನು ನಾನು ಕೇಳಿರಲಿಲ್ಲ. 2021ರ ಜೂನ್ 7ರ ಆ ಆದೇಶದ ಪ್ರಕಾರ, ಕಾಣೆಯಾಗಿದ್ದಾಳೆ ಎಂದು ಅಮ್ಮ ದೂರು ಕೊಟ್ಟರೂ, ನೀನು ಪ್ರಾಪ್ತಳು, ಸ್ವಂತ ಇಷ್ಟದಿಂದ ಇದ್ದೀ ಎಂದು ಹೇಳಿಕೆ ಪಡೆದ ಮೇಲೆ ಪೊಲೀಸರು ದೂರನ್ನು ಮುಚ್ಚಬೇಕು. ನಿನ್ನನ್ನು ‘ಸರಿಮಾಡುತ್ತೇನೆ’ ಎನ್ನುವ ಡಾಕ್ಟರಿಗೂ ಅಲ್ಲಿ ತಡೆ ಉಂಟು. 2025ರ ಮೇ ತಿಂಗಳಲ್ಲಿ ವೆಲ್ಲೂರು ಕಡೆಯ ಕೇಸಿನಲ್ಲಿ ಇದೇ ಹೈಕೋರ್ಟ್, ಸಂಸಾರ ಕಟ್ಟುವುದಕ್ಕೆ ಮದುವೆಯೊಂದೇ ದಾರಿಯಲ್ಲ ಎಂದಿದೆ. ಈ ಎರಡು ಆದೇಶಗಳ ಪ್ರತಿಯನ್ನೂ ಮನೆಯಲ್ಲಿಟ್ಟುಕೋ. ಠಾಣೆಯಲ್ಲಿ ಬಾಯಿಮಾತಿಗಿಂತ ಕಾಗದ ಓದಿಸುವುದು ಒಳ್ಳೆಯದು.

ಸ್ವಾಮಿಗಳು ಬೇಡ ಎಂದರೆ ಜಗಳಕ್ಕೆ ನಿಲ್ಲಬೇಡ, ಆಶೀರ್ವಾದ ಕೊಡಿಸಿ ಎಂದು ಯಾವ ಕೋರ್ಟನ್ನೂ ಕೇಳುವ ಹಾಗಿಲ್ಲ. ಕೊಡುವುದು, ಬಿಡುವುದು ಅವರ ಸ್ವಾತಂತ್ರ್ಯ. ಅದರ ಬದಲು ಬ್ಯಾಂಕಿಗೆ ಹೋಗಿ ಜಂಟಿ ಖಾತೆ ತೆರೆ. ನಿಮ್ಮಂಥ ಜೋಡಿಗೆ ಅದಕ್ಕೆ ಅಡ್ಡಿಯಿಲ್ಲ ಎಂದು ಕೇಂದ್ರ ಹಣಕಾಸು ಇಲಾಖೆ 2024ರ ಆಗಸ್ಟ್‌ನಲ್ಲೇ ಸ್ಪಷ್ಟಪಡಿಸಿದೆ. ನಾಮಿನಿಯಾಗಿ ಅವಳ ಹೆಸರು ಬರೆಸು. ಇಬ್ಬರೂ ಉಯಿಲು ಮಾಡಿಡಿ, ಇಪ್ಪತ್ತೆಂಟಕ್ಕೆ ಉಯಿಲೇ ಎಂದು ನಗಬೇಡ. ಮದುವೆಯ ಕಾಗದ ಇಲ್ಲದವರಿಗೆ ಅದೇ ಗಟ್ಟಿ. ಸಾಕ್ಷಿಗೆ ಇಬ್ಬರು ಬೇಕು. ಒಬ್ಬರು ನಿನ್ನ ಸ್ನೇಹಿತರಲ್ಲಿ ಯಾರಾದರೂ ಆಗಲಿ. ಇನ್ನೊಂದು ಸಹಿ ನಾನು ಹಾಕುತ್ತಿದ್ದೆ, ಆದರೆ ಸಾಕ್ಷಿ ಉಯಿಲು ಬರೆದವರಿಗಿಂತ ಮೊದಲು ಹೋಗಬಾರದು. ಎಂಬತ್ತು ದಾಟದವರನ್ನು ನೋಡಿಕೋ.